ಒಂದೇ ಬೆಲೆಯ ಅಂಗಡಿ

ವ್ಯಾಪಾರವೆಂದರೆ ಚೌಕಾಸಿಯೆಂದೇ ನಂಬಿ ಬೆಳೆದ ನನಗೆ, ಅಮೆರಿಕದಲ್ಲಿ ನೆಲಸಿದ ಮೇಲೆ ಅಂಟಿಕೊಂಡ ಚಟವೆಂದರೆ ಚೌಕಾಸಿಗೆ ಎಳ್ಳಷ್ಟೂ ಆಸ್ಪದವಿಲ್ಲದ ಡಾಲರಂಗಡಿಗಳ ಪರ್ಯಟನ. ಸಕಲ ವಸ್ತುಗಳಿಗೂ ಒಂದೇ ಬೆಲೆಯಿರುವಲ್ಲಿ ಬೆಲೆಯು ಗಣನೆಯಿಂದಲೇ ಜಾರಿಹೋಗಿ, ಕೊಳ್ಳುವವನ ದೃಷ್ಟಿ ಗುಣದ ಮೇಲೆ ಮಾತ್ರ ನಿಲ್ಲುತ್ತದೆ; ಅಗ್ಗವೋ ತುಟ್ಟಿಯೋ ಎಂಬುದನ್ನು ಅವನ ವಿವೇಕವೇ ನಿರ್ಣಯಿಸಬೇಕು. ಆ ನಿರ್ಣಯದ ಸುಖಕ್ಕಾಗಿಯೇ ನಾನು ಅಲ್ಲಿಗೆ ಹೋಗುವುದು.

ಪದ್ಧತಿಯೇನೋ ಹಳೆಯದೇ. ಫ್ರ್ಯಾಂಕ್ ವುಲ್‌ವರ್ತ್ ಎಂಬ ವರ್ತಕನು 1879ರಲ್ಲಿ ಯುಟಿಕಾ ನಗರದಲ್ಲಿ ಐದು ಸೆಂಟಿನ ಅಂಗಡಿ ತೆರೆದು ಕೈಸುಟ್ಟುಕೊಂಡು, ಅದೇ ವರ್ಷ ಲ್ಯಾಂಕಾಸ್ಟರಿನಲ್ಲಿ ಮತ್ತೆ ತೆರೆದು ಗೆದ್ದನು. ಆ ಪುಡಿಗಾಸುಗಳ ಗಳಿಕೆಯಿಂದಲೇ 1913ರಲ್ಲಿ ನ್ಯೂಯಾರ್ಕಿನಲ್ಲಿ, ಅಂದಿಗೆ ಜಗತ್ತಿನ ಅತ್ಯುನ್ನತ ಕಟ್ಟಡವೆನಿಸಿದ ಸೌಧವು ಮೇಲೆದ್ದಿತು. ನಮ್ಮ ಕಾಲದ ಡಾಲರ್ ಟ್ರೀ ಎಂಬ ಅಂಗಡಿಗಳ ಸರಣಿ 1986ರಲ್ಲಿ ಆರಂಭವಾಗಿ, ಒಂದು ಡಾಲರಿನ ಬೆಲೆಯನ್ನು ಬಹುಮಟ್ಟಿಗೆ ವ್ರತದಂತೆ ಪಾಲಿಸಿಕೊಂಡು ಬಂದು, 2021ರ ಕೊನೆಯಲ್ಲಿ ಒಂದೂಕಾಲು ಡಾಲರಿಗೆ ಏರಿಸಿತು. ಈಗ ಮೂರು, ಐದು ಡಾಲರಿನ ಸರಕುಗಳೂ ನುಸುಳಿವೆ. ಅವುಗಳತ್ತ ನಾನು ಕಣ್ಣೆತ್ತಿಯೂ ನೋಡೆನು.

ಎಲ್ಲವೂ ಲಾಭವೆಂದು ಭ್ರಮಿಸಬೇಕಾಗಿಲ್ಲ. ಸಾಬೂನಿನ ಪುಡಿ, ಅಲ್ಯೂಮಿನಿಯಂ ಹಾಳೆ ಮೊದಲಾದವುಗಳ ಪೊಟ್ಟಣಗಳು ಕಿರಿದು. ಔನ್ಸಿನ ಲೆಕ್ಕ ಹಿಡಿದರೆ ಅನೇಕ ವೇಳೆ ದೊಡ್ಡ ಅಂಗಡಿಯೇ ಅಗ್ಗ. ನಿಜವಾದ ನಿಧಿಯಿರುವುದು ದಾರಿ ತಪ್ಪಿ ಬಂದ ಸರಕಿನಲ್ಲಿ, ಅದರಲ್ಲಿಯೂ ಪುಸ್ತಕದ ಮೂಲೆಯಲ್ಲಿ. ಈ ದೇಶದಲ್ಲಿ ಅಂಗಡಿಯವರು ಮಾರಾಟವಾಗದ ಪುಸ್ತಕಗಳನ್ನು ಪ್ರಕಾಶಕರಿಗೆ ಹಿಂದಿರುಗಿಸುವ ರೂಢಿಯಿರುವುದರಿಂದ, ಉಗ್ರಾಣದಲ್ಲಿ ರಾಶಿಬಿದ್ದ ಪ್ರತಿಗಳನ್ನು ಪ್ರಕಾಶಕರು ಸಗಟಾಗಿ, ಸಿಕ್ಕ ಬೆಲೆಗೆ ಸಾಗಹಾಕುತ್ತಾರೆ. ಮತ್ತೆ ಹಿಂದಿರುಗಿ ಬಾರದಂತೆ ಹಾಳೆಗಳ ಅಂಚಿನ ಮೇಲೆ ಒಂದು ಕಪ್ಪು ಗೀರನ್ನೂ ಎಳೆದಿರುವುದುಂಟು. ಹೊದಿಕೆಯ ಒಳಮಡಿಕೆಯಲ್ಲಿ ಇಪ್ಪತ್ತೇಳು ಡಾಲರೆಂದು ಗಂಭೀರವಾಗಿ ಮುದ್ರಿತವಾಗಿದ್ದು, ಬೆನ್ನು ಗಟ್ಟಿಯಾಗಿ, ಯಾರೂ ತೆರೆಯದ ಹೊಸ ಕಾಗದದ ಪರಿಮಳವನ್ನು ಸೂಸುತ್ತ, ಬಲೂನುಗಳಿಗೂ ಪಾತ್ರೆ ತಿಕ್ಕುವ ನಾರಿಗೂ ನಡುವೆ ನಿಂತಿರುವ ಒಂದು ಜೀವನಚರಿತ್ರೆಯು ಕಣ್ಣಿಗೆ ಬಿದ್ದಾಗ ಆಗುವ ಆನಂದವನ್ನು ಇಪ್ಪತ್ತೇಳು ಡಾಲರು ಕೊಟ್ಟವನು ಎಂದಿಗೂ ಅರಿಯನು. ಚುನಾವಣೆಯಲ್ಲಿ ಸೋತ ರಾಜಕಾರಣಿಗಳ ಆತ್ಮಕಥೆಗಳು ಮಾತ್ರ ಇಲ್ಲಿ ಅಗತ್ಯಕ್ಕಿಂತ ಹೆಚ್ಚು!

ಇಲ್ಲಿನ ಕನ್ನಡದ ಮನೆಗಳಿಗೂ ಈ ಅಂಗಡಿ ಪರಕೀಯವಲ್ಲ. ವರಮಹಾಲಕ್ಷ್ಮಿಯ ಅರಿಸಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ತಾಂಬೂಲವಿಟ್ಟು ಕೊಡುವ ಚೀಲಗಳು ಇಲ್ಲಿಯವೇ. ಕ್ರಿಸ್‌ಮಸ್ಸಿಗೆಂದು ಮುಂಚಿತವಾಗಿಯೇ ಬಂದಿಳಿಯುವ ಹೊಂಬಣ್ಣದ ಮಾಲೆಗಳು ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಹಿಂದೆ ತೂಗಾಡುತ್ತವೆ.

ಮಕ್ಕಳ ಮನೆಗೆಂದು ಈ ದೇಶಕ್ಕೆ ಬರುವ ಹಿರಿಯರು ಇಂಥ ಅಂಗಡಿಯನ್ನು ಹೊಕ್ಕರೆ ಮೊದಲು ಪುಸ್ತಕದ ಮೂಲೆಯನ್ನು ವಿಚಾರಿಸಬೇಕು; ಹಣ ತೆರುವಾಗ, ಬಹುತೇಕ ರಾಜ್ಯಗಳಲ್ಲಿ, ಬೆಲೆಯ ಮೇಲೆ ಮಾರಾಟ ತೆರಿಗೆಯೂ ಸೇರುವುದೆಂಬುದನ್ನು ನೆನಪಿನಲ್ಲಿಡಬೇಕು.