ರಾಯಚೂರಲ್ಲಿ ಒಂದು ದಿನ, ನಾವಿಬ್ಬರೇ

ಮದುವೆಯಾಗಿ ಮೂರು ತಿಂಗಳಾದರೂ ಹೆಂಡತಿ ಜೊತೆ ನೆಟ್ಟಗೆ ಅರ್ಧ ತಾಸು ಮಾತಾಡಿರಲಿಲ್ಲ ಅಂದರೆ ನಂಬ್ತೀರಾ?

ನಮ್ಮದು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ನಾನು ಸಾಫ್ಟ್‌ವೇರ್ ಇಂಜಿನಿಯರ್, ಆಗ ವರ್ಕ್ ಫ್ರಮ್ ಹೋಮ್. ರಾತ್ರಿ ಹನ್ನೊಂದರ ತನಕ ನನ್ನ ಕಾಲ್‌ಗಳು, ಬೆಳಿಗ್ಗೆ ಐದಕ್ಕೆ ಆಕೆ ಒಲೆ ಮುಂದೆ. ಹಗಲೆಲ್ಲ ಮನೆ ತುಂಬ ಮಂದಿ. ಇಬ್ಬರೂ ಸುಮ್ಮನೆ ಅಡ್ಡಾಡಿ ಬರೋಣ ಅಂದರೂ ಕಟ್ಟೆ ಮೇಲೆ ಕೂತವರು "ಎಲ್ಲಿಗೆ ಹೊಂಟೀರಿ?" ಅಂತ ಕೇಳದೆ ಬಿಡೋದಿಲ್ಲ.

ಡಿಸೆಂಬರ್‌ನಲ್ಲಿ ಕಂಪನಿಯ ಮೇಲ್ ಬಂತು: ಜನವರಿಯಿಂದ ಆಫೀಸಿಗೆ ಬರಬೇಕು. ಬೆಂಗಳೂರಲ್ಲಿ ಮನೆ ಹುಡುಕಿ 20 ಸಾವಿರ ಅಡ್ವಾನ್ಸ್ ಕಳಿಸಿಬಿಟ್ಟೆ. ಆಮೇಲೆ ಫೋಟೊ ತೋರಿಸಿದರೆ ಆಕೆ "ಚಲೋ ಐತ್ರಿ" ಅಂದು ಒಳಗೆ ಹೋದಳು. ಆ "ಚಲೋ ಐತ್ರಿ" ಯಾಕೋ ನನಗೆ ಚಲೋ ಅನ್ನಿಸಲಿಲ್ಲ.

ಅವ್ವನಿಗೆ ಹೇಳಿ ಒಂದು ಶನಿವಾರ ಇಬ್ಬರೂ ರಾಯಚೂರಿಗೆ ಹೊರಟೆವು. ಮಾಲ್, ಕೆಫೆ ಅಂತೇನೂ ಯೋಚಿಸಿರಲಿಲ್ಲ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಮಾನ್ವಿಯಲ್ಲಿ ರಾಯಚೂರು ಬಸ್ ಹತ್ತಿದೆವು. ಶಕ್ತಿ ಯೋಜನೆ ಇರೋದರಿಂದ ಆಕೆಗೆ ಶೂನ್ಯ ಟಿಕೆಟ್, ನನಗಷ್ಟೇ ದುಡ್ಡು. "ನಿಮ್ಮದೊಂದೇ ಖರ್ಚು ನೋಡ್ರಿ" ಅಂತ ನಕ್ಕಳು. ಮನೆಯಲ್ಲಿ ಆಕೆ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಕೋಟೆಗೆ ನಡೆದೇ ಹೋಗಬಹುದು. ಇಂಜಿನಿಯರಿಂಗ್ ಓದುವಾಗ ಎಷ್ಟೋ ಸಲ ಅದರ ಪಕ್ಕದಲ್ಲೇ ಬಸ್ಸಿಗೆ ಓಡಿದ್ದೇನೆ, ಒಂದು ದಿನವೂ ನಿಂತು ನೋಡಿದವನಲ್ಲ. ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಅಂತ ಅದರ ಮೇಲಿನ ಶಾಸನ ಹೇಳುತ್ತದೆ. ಆ ಕಲ್ಲನ್ನು ಬಂಡಿ ಮೇಲೆ ಹೇರಿ ಕೋಣಗಳು ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೆತ್ತಿದ್ದಾರೆ. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಕಟ್ಟಿಸಿದವರ ಹೆಸರೂ ಉಳೀತು, ಎಳೆದ ಕೋಣಗಳ ಚಿತ್ರನೂ ಉಳೀತು. ನ್ಯಾಯ ಮಾಡ್ಯಾರ್ರಿ" ಅಂದಳು. ಆಮೇಲೆ 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಆದಿಲ್‌ಶಾಹಿಗಳ ಜೊತೆ ಕಾದಾಡಿದ್ದು, ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ ರಾಜರೆಲ್ಲ ಬಡಿದಾಡಿದ್ದು, ಎಲ್ಲವನ್ನೂ ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿದಳು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಕೆಳಗೆ ಇಡೀ ಊರು. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಾಗ ಆಕೆ, "ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ" ಅಂದಳು.

ಬಿ.ಎಡ್ ಒಂದು ವರ್ಷ ಮುಗಿಸಿದ್ದಳಂತೆ. ಮದುವೆ ಗೊತ್ತಾದ ಮೇಲೆ "ಮುಂದ ನೋಡೂಣು" ಅಂತ ಹಿರಿಯರು ಬಿಡಿಸಿದ್ದರು. ಇನ್ನೊಂದು ವರ್ಷ ಮುಗಿಸಿಯೇ ಬೆಂಗಳೂರಿಗೆ ಬರಬೇಕು ಅನ್ನೋದು ಆಕೆಯ ಆಸೆ.

"ಮೊದಲೇ ಯಾಕ ಹೇಳಲಿಲ್ಲ?" ಅಂದೆ.

"ನೀವು ಕೇಳಲಿಲ್ಲಲ್ರಿ. ಅಡ್ವಾನ್ಸ್ ಕೊಟ್ಟ ಮ್ಯಾಲ ಫೋಟೊ ತೋರಿಸಿದ್ರಿ."

ರೊಟ್ಟಿ ಗಂಟಲಲ್ಲಿ ನಿಂತಿತು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಬಂತು, ಆದರೆ ಯಾರ ಮೇಲೆ ಮಾಡೋದು?

ಗುಡ್ಡ ಇಳಿದು ಮಾವಿನ ಕೆರೆ ಕಡೆ ಹೋದೆವು. ಸಂಜೆ ತನಕ ಲೆಕ್ಕ ಹಾಕಿದೆವು: ಫೀಸ್ ಎಷ್ಟು, ಆಕೆ ಎಲ್ಲಿ ಇರೋದು, ನಾನು ಎಷ್ಟು ದಿನಕ್ಕೊಮ್ಮೆ ಬರೋದು. ನಡುವೆ ಮಂಡಾಳ ಒಗ್ಗರಣೆ, ಮಿರ್ಚಿ, ಎರಡು ಸಲ ಚಹಾ. ಫೋನು ಜೇಬಿನಲ್ಲೇ ಇತ್ತು.

ಮನೆಯಲ್ಲಿ ಹೇಳಿದಾಗ ಅವ್ವ ಎರಡು ದಿನ ಮಾತು ಬಿಟ್ಟಳು. "ಲಗ್ನ ಆಗಿ ಹೆಂಡ್ತಿನ ಬಿಟ್ಟು ಇರ್ತಾನಂತ" ಅಂತ ಊರವರೂ ಅಂದರು. ಬೆಂಗಳೂರಿನ ಮನೆ ಬಿಟ್ಟೆ. ಅಡ್ವಾನ್ಸಿನಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಈಗ ನಾನು ಪಿಜಿಯಲ್ಲಿ, ಆಕೆ ರಾಯಚೂರಲ್ಲಿ ತನ್ನ ಚಿಕ್ಕಮ್ಮನ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ರಾತ್ರಿ ರೈಲು ಹತ್ತಿ ಹೋಗ್ತೀನಿ. ಆ ಭಾನುವಾರ ನಮ್ಮದೇ.

ನೀವೂ ಹೋಗೋದಾದರೆ ಚಳಿಗಾಲದಲ್ಲಿ ಹೋಗಿ, ರಾಯಚೂರು ಬಿಸಿಲು ನಿಮಗೂ ಗೊತ್ತು. ನೀರು, ಬುತ್ತಿ, ಗಟ್ಟಿ ಚಪ್ಪಲಿ ಇದ್ದರೆ ಸಾಕು. ನಮಗೆ ಆ ದಿನ ಎಲ್ಲ ಸೇರಿ ಖರ್ಚಾಗಿದ್ದು 390 ರೂಪಾಯಿ. ಅದನ್ನ ಅಡ್ವಾನ್ಸ್ ಕಳಿಸೋಕೆ ಮೊದಲೇ ಖರ್ಚು ಮಾಡಿದ್ದರೆ 10 ಸಾವಿರ ಉಳೀತಿತ್ತು.