ಭೋಂಗಾ ನಿಂತ ಮೇಲೆ

ಪಶ್ಚಿಮ ದೇಶಗಳ ಕಾಲ ಮುಗಿಯಿತು ಎಂಬ ಮಾತನ್ನು ಕೇಳುತ್ತ ಕೇಳುತ್ತಲೇ ನಮಗೆ ವಯಸ್ಸಾಯಿತು. ಜರ್ಮನಿಯ ಓಸ್ವಾಲ್ಡ್ ಸ್ಪೆಂಗ್ಲರ್ ಎಂಬ ಪಂಡಿತ ಪಶ್ಚಿಮದ ಅವನತಿಯನ್ನು ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು ಹೊರತಂದದ್ದು 1918ರಲ್ಲಿ. ಅಂದಿನಿಂದ ಆ ಅವನತಿ ನಡೆದೇ ಇದೆ. ನಮ್ಮ ಮಕ್ಕಳು ಅಲ್ಲಿಗೆ ಹೋಗುವುದು ಮಾತ್ರ ನಿಂತಿಲ್ಲ! ಇರಲಿ. 2022ರಲ್ಲಿ ಆರ್ಥಿಕ ಗಾತ್ರದಲ್ಲಿ ಭಾರತ ಬ್ರಿಟನ್ನನ್ನು ಹಿಂದೆ ಹಾಕಿತೆಂಬ ಸುದ್ದಿ ಬಂತು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಕನ್ನಡಿಗರ ಮನೆಯ ಅಳಿಯ ರಿಷಿ ಸುನಕ್ ಅಲ್ಲಿಯ ಪ್ರಧಾನಿಯಾದರು. ನಾವೂ ನೆರೆಹೊರೆಗೆ ಪೇಡೆ ಹಂಚಿದೆವು. ನಮ್ಮನ್ನು ಆಳಿದವರ ಲೆಕ್ಕ ಕೊನೆಗೂ ಚುಕ್ತಾ ಆಯಿತೆಂಬ ಸಮಾಧಾನ ನಮಗೂ ಆಗಿತ್ತೆಂಬುದನ್ನು ಮುಚ್ಚಿಡುವುದೇಕೆ? ಆ ಸಮಾಧಾನ ಹೇಗೆ ಕದಡಿತೆಂಬುದನ್ನು ಹೇಳಲೆಂದೇ ಈ ನಾಲ್ಕು ಮಾತು.

ಮರುವರ್ಷ ಬೇಸಿಗೆಯಲ್ಲಿ ನಾವು ಗಂಡ ಹೆಂಡತಿ ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆ ಊರು ನಮಗೆ ತೀರ ಅಪರಿಚಿತವೇನಲ್ಲ. ನಮ್ಮ ಧಾರವಾಡ ಸೀಮೆಗೂ ಅದಕ್ಕೂ ಹತ್ತಿಯ ನಂಟಿದೆ. 1861ರಲ್ಲಿ ಅಮೆರಿಕದಲ್ಲಿ ಉತ್ತರ ದಕ್ಷಿಣಗಳ ನಡುವೆ ಯುದ್ಧ ಹೊತ್ತಿಕೊಂಡಾಗ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಗುಲಾಮರು ಬೆಳೆದ ಹತ್ತಿಯನ್ನೇ ನಂಬಿದ್ದ ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಶೈರ್ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಗಿರಣಿ ಮಾಲೀಕರ ಕಣ್ಣು ಆಗ ನಮ್ಮ ಎರೆಭೂಮಿಯ ಮೇಲೆ ಬಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂದು ಅವರು ಸರಕಾರದ ಬೆನ್ನು ಹತ್ತಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದರ ಹಿಂದೆ ಇದ್ದುದೂ ಈ ಹತ್ತಿಯ ಲೆಕ್ಕವೇ. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಏರಿದ್ದ ಬೆಲೆ ಕುಸಿಯಿತು. ಮುಂಬಯಿಯ ಶೇರು ವ್ಯಾಪಾರಿಗಳು ದಿವಾಳಿಯೆದ್ದರು. ಸಾಲ ಮಾಡಿ ಹತ್ತಿ ಬಿತ್ತಿದ ರೈತನೂ ಮುಳುಗಿದ.

ಹೀಗೆ ನಮ್ಮ ಭಾಗ್ಯರೇಖೆಯನ್ನು ಬರೆಯುತ್ತಿದ್ದ ಆ ಊರು ಆಮೇಲೆ ಎಷ್ಟು ಎತ್ತರಕ್ಕೆ ಏರಿತೆಂದರೆ, 1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳಿಸಿದ ಹತ್ತಿಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಹತ್ತಿರ ಹತ್ತಿರ 300 ಕೋಟಿ ಗಜ ಬಂದದ್ದು ನಮ್ಮ ದೇಶಕ್ಕೆ. ಆದರೆ ಆ ವೈಭವ ಬಹಳ ದಿನ ಉಳಿಯಲಿಲ್ಲ. ಒಂದು ಕಡೆ ಜಪಾನು, ಇನ್ನೊಂದು ಕಡೆ ಮುಂಬಯಿ, ಅಹಮದಾಬಾದುಗಳ ಗಿರಣಿಗಳು, ಮೇಲಿಂದ ಆಮದು ಸುಂಕ ಮತ್ತು ಸ್ವದೇಶಿ ಚಳವಳಿ. 1930ರ ದಶಕದ ಕೊನೆಗೆ ನಾವು ಕೊಳ್ಳುವ ಲ್ಯಾಂಕಶೈರ್ ಬಟ್ಟೆ ಮೊದಲಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಾಗಿತ್ತು. ಜಗತ್ತಿಗೆಲ್ಲ ಬಟ್ಟೆ ತೊಡಿಸಿದ ನಾಡು 1950ರ ದಶಕ ಮುಗಿಯುವುದರೊಳಗೆ ತಾನೇ ಹೊರಗಿನಿಂದ ಬಟ್ಟೆ ತರಿಸುವಂತಾಯಿತು.

ಮ್ಯಾಂಚೆಸ್ಟರಿನ ನಡುಪೇಟೆಯಲ್ಲಿ ಮಗಳು ನಮಗೆ ಅಬ್ರಹಾಂ ಲಿಂಕನ್ನರ ಪ್ರತಿಮೆಯನ್ನು ತೋರಿಸಿದಳು. ಅಮೆರಿಕದ ಅಧ್ಯಕ್ಷನಿಗೆ ಇಲ್ಲೇನು ಕೆಲಸ ಎಂದು ನಮಗೆ ಆಶ್ಚರ್ಯವಾಯಿತು. 1862ರ ಡಿಸೆಂಬರ್ ಕೊನೆಯ ದಿನ, ಹತ್ತಿಯಿಲ್ಲದೆ ಕೆಲಸ ಹೋಗಿ ಹಸಿದಿದ್ದ ಆ ಊರಿನ ಕೆಲಸಗಾರರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಲಿಂಕನ್ನರಿಗೆ ಬೆಂಬಲದ ಪತ್ರ ಬರೆದಿದ್ದರಂತೆ. ದಿಗ್ಬಂಧನ ತೆಗೆಸಿರಿ, ನಮಗೆ ಹತ್ತಿ ಬರಲಿ ಎಂದು ಅವರು ಕೇಳಬಹುದಿತ್ತು. ಎಲ್ಲರೂ ಅವರಂತೆ ಇರಲಿಲ್ಲ, ನಿಜ; ದಕ್ಷಿಣದವರೇ ಗೆಲ್ಲಲೆಂದು ಬಯಸಿದವರೂ ಆ ಸೀಮೆಯಲ್ಲಿ ಇದ್ದರು. ಆದರೂ ತಮ್ಮ ಹೊಟ್ಟೆಗಿಂತ ಕಾಣದ ಊರಿನ ಗುಲಾಮನ ಸಂಕೋಲೆ ದೊಡ್ಡದೆಂದು ಕೆಲವರಿಗಾದರೂ ಅನ್ನಿಸಿತಲ್ಲ! 1863ರ ಜನವರಿಯಲ್ಲಿ ಲಿಂಕನ್ನರು ಅವರಿಗೆ ಕೃತಜ್ಞತೆಯ ಉತ್ತರ ಬರೆದರು. ಅದರ ಮಾತುಗಳನ್ನು ಪ್ರತಿಮೆಯ ಕೆಳಗೆ ಕೆತ್ತಿದ್ದಾರೆ.

ಇನ್ನೊಂದು ದಿನ ಮಗಳು ಬರ್ನ್ಲಿ ಎಂಬ ಊರಿನ ಕ್ವೀನ್ ಸ್ಟ್ರೀಟ್ ಗಿರಣಿಗೆ ಕರೆದೊಯ್ದಳು. ಉಗಿಯಂತ್ರದಿಂದ ಮಗ್ಗ ನಡೆಸುತ್ತಿದ್ದ ಆ ಗಿರಣಿ ಈಗ ವಸ್ತುಸಂಗ್ರಹಾಲಯ. ವಿವರಿಸಲು ಬಂದ ವಯಸ್ಸಾದ ಹೆಂಗಸು ತಾವು ನೇಕಾರರ ಮಗಳೆಂದರು. ಮಗ್ಗದ ಸದ್ದಿನಲ್ಲಿ ಕಿವಿ ಕೇಳಿಸದೆ, ಇಲ್ಲಿಯ ಹೆಂಗಸರು ಬರೀ ತುಟಿ ಆಡಿಸಿ ಮಾತನಾಡುತ್ತಿದ್ದರೆಂದು ಮಾಡಿ ತೋರಿಸಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲಾಲ್‌ಬಾಗಿನ ನಮ್ಮ ಹಳೆಯ ಚಾಳಿನಲ್ಲಿ ಪಕ್ಕದ ಖೋಲಿಯ ಕಾಕಾ ಹೀಗೆಯೇ ತುಟಿ ಅಗಲಿಸಿ, ಕೈ ಆಡಿಸಿ ಮಾತನಾಡುತ್ತಿದ್ದರು.

ಗಿರಣಿ ಯಾವಾಗ ನಿಂತಿತೆಂದು ಕೇಳಿದೆವು. 1982ರ ಮಾರ್ಚ್ ಎಂದರು. ಮುಂಬಯಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ್ದು 1982ರ ಜನವರಿ 18ಕ್ಕೆ. ನಡುವೆ ಎರಡು ತಿಂಗಳ ಅಂತರವೂ ಇಲ್ಲ! ಸೋತವರ ಗಿರಣಿಯೂ ಗೆದ್ದವರ ಗಿರಣಿಯೂ ಒಂದೇ ವರ್ಷ ನಿಂತವು. ನಾವು ಇದನ್ನು ಹೇಳಿದಾಗ ಆ ತಾಯಿ ತಟ್ಟನೆ ಕೇಳಿದರು: “ಹಾಗಾದರೆ ನಿಮ್ಮ ಊರಿನ ಆ ಜನ ಆಮೇಲೆ ಎಲ್ಲಿಗೆ ಹೋದರು?”

ನಮಗೆ ಉತ್ತರ ಗೊತ್ತಿರಲಿಲ್ಲ.

ಕಾಕಾ ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ನಸುಕಿನಲ್ಲಿ ಗಿರಣಿಯ ಭೋಂಗಾ ಕೂಗಿದರೆ ಅವರು ಡಬ್ಬಿ ಹಿಡಿದು ಹೊರಡುತ್ತಿದ್ದರು. ನಮ್ಮ ಮಗಳು ಏಳುತ್ತಿದ್ದಳು. ಮುಷ್ಕರದ ಮೊದಲ ದಿನಗಳಲ್ಲಿ, “ಇನ್ನೊಂದ್ ತಿಂಗಳದಾಗ ಮುಗೀತದ ಬಿಡ್ರಿ” ಎನ್ನುತ್ತಿದ್ದರು. ಮಳೆಗಾಲ ಬಂದರೂ ಮುಗಿಯಲಿಲ್ಲ. ಕಾಕಿ ಶೇಂಗಾ ಚಟ್ನಿ ಕುಟ್ಟಿ ಮಾರತೊಡಗಿದರು. ದೊಡ್ಡ ಹುಡುಗನಿಗೆ ಶಾಲೆ ಬಿಡಿಸಿ ಚಹದ ಅಂಗಡಿಗೆ ಹಚ್ಚಿದರು. ಒಂದು ಸಂಜೆ ಕಾಕಾ ಬಾಗಿಲಲ್ಲಿ ನಿಂತು ಇನ್ನೂರು ರೂಪಾಯಿ ಕೇಳಿದರು. ಡೊಂಬಿವಲಿಯ ಬ್ಲಾಕಿಗೆ ಕಟ್ಟಬೇಕಾದ ಹಣ ಪೆಟ್ಟಿಗೆಯಲ್ಲಿತ್ತು. ಇಲ್ಲವೆಂದೆವು. ಅವರು “ಇರ್ಲಿ ಬಿಡ್ರಿ” ಎಂದು ಹೋದರು. ಗಣಪತಿ ಹಬ್ಬದ ಹೊತ್ತಿಗೆ ಅವರ ಖೋಲಿಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ನಾವು ವಿಚಾರಿಸಲಿಲ್ಲ. ಆ ವರ್ಷದ ಕೊನೆಗೆ ನಾವೂ ಡೊಂಬಿವಲಿಗೆ ಹೊರಟುಹೋದೆವು.

ಹಿಂತಿರುಗಿ ಬರುವ ವಿಮಾನದಲ್ಲಿ ನಮಗೆ ಇನ್ನೊಂದು ವಿಷಯ ನೆನಪಾಗುತ್ತಿತ್ತು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಹೋಗಿದ್ದ ಗಾಂಧೀಜಿ ಅದೇ ಲ್ಯಾಂಕಶೈರಿನ ಡಾರ್ವೆನ್ ಎಂಬ ಊರಿಗೆ ಹೋದರು. ಅವರ ಬಹಿಷ್ಕಾರದಿಂದ ಕೆಲಸಕ್ಕೆ ಕುತ್ತು ಬಂದ ಊರು ಅದು. ಅಲ್ಲಿಯ ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಮಾಡುತ್ತಿರುವ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಗಾಂಧೀಜಿ ಬಹಿಷ್ಕಾರವನ್ನು ಹಿಂದೆಗೆದುಕೊಳ್ಳಲಿಲ್ಲ. ಆದರೆ ಅದರ ಪೆಟ್ಟು ತಿಂದವರ ಮನೆಬಾಗಿಲಿಗೆ ತಾವೇ ಹೋಗಿ ಅವರ ಕಷ್ಟ ಕೇಳಿದರು.

ಅಧಿಕಾರ, ಸಂಪತ್ತು ಒಂದೇ ಊರಲ್ಲಿ ನಿಲ್ಲುವಂಥವಲ್ಲ. ಮ್ಯಾಂಚೆಸ್ಟರಿನಿಂದ ಮುಂಬಯಿಗೆ ಬಂದವು. ಈಗ ಅಂಗಿಯ ಕೊರಳಪಟ್ಟಿ ತಿರುಗಿಸಿದರೆ ಚೀನಾ, ಬಾಂಗ್ಲಾದೇಶಗಳ ಹೆಸರು ಕಾಣುತ್ತದೆ. ಪಶ್ಚಿಮ ಮುಳುಗಿತೋ ಪೂರ್ವ ಎದ್ದಿತೋ ಎಂದು ಪಂಡಿತರು ವಾದಿಸಲಿ. ಒಂದು ನಾಡಿನ ನಾಗರಿಕತೆ ಮುಳುಗಿದ್ದು ಅದರ ಗಿರಣಿ ನಿಂತಾಗಲ್ಲ, ಪಕ್ಕದ ಮನೆಯವರು ಎಲ್ಲಿಗೆ ಹೋದರೆಂದು ಕೇಳುವವರೇ ಇಲ್ಲವಾದಾಗ ಎಂದು ಈಗ ನಮಗೆ ಅನ್ನಿಸುತ್ತದೆ. ಆ ಲೆಕ್ಕದಲ್ಲಿ ಪೇಡೆ ಹಂಚಿದ ನಾವು ಎಲ್ಲಿದ್ದೇವೆ?

ಊರಿಗೆ ಬಂದ ಮೇಲೆ ಲಾಲ್‌ಬಾಗಿಗೆ ಹೋಗಿದ್ದೆವು. ಚಾಳಿನ ಜಾಗದಲ್ಲಿ ಗಗನಚುಂಬಿ ಕಟ್ಟಡ ನಿಂತಿದೆ. ಬೀಡಾ ಅಂಗಡಿಯವನಿಗೆ ಏನೂ ಗೊತ್ತಿಲ್ಲ. ಓದುಗರಲ್ಲಿ ಆ ಕಾಲದ ಲಾಲ್‌ಬಾಗಿನವರು ಯಾರಾದರೂ ಇದ್ದು, 1982ರಲ್ಲಿ ಅಕ್ಕಲಕೋಟೆಯ ಕಡೆಗೆ ಹೊರಟುಹೋದ ಒಂದು ಗಿರಣಿ ಕುಟುಂಬದ ಸುದ್ದಿ ಬಲ್ಲವರಾಗಿದ್ದರೆ, ದಯವಿಟ್ಟು ಸಂಘದ ಕಚೇರಿಗೆ ಒಂದು ಮಾತು ತಿಳಿಸಬೇಕು. ಕಾಕಿಯ ಚಟ್ನಿಯ ಎರಡು ತಿಂಗಳ ಬಾಕಿಯನ್ನೂ ನಾವು ಕೊಟ್ಟಿರಲಿಲ್ಲ.