ಬಾಲ ಆಡಿಸುವ ಫಿಯೆಟ್ಟು

ನಮ್ಮ ಹಟ್ಟಿಯಂಗಡಿ ಕಡೆ ಪ್ರೀಮಿಯರ್ ಪದ್ಮಿನಿಯನ್ನು ಯಾರೂ ಪದ್ಮಿನಿ ಅನ್ನುವುದಿಲ್ಲ. 1974ರಲ್ಲಿ ಕಂಪನಿ ಆ ಹೆಸರಿಟ್ಟರೂ, ಹೊಸ ಕಾರು ಬರುವುದು ನಿಂತು ಇಪ್ಪತ್ತು ವರ್ಷ ದಾಟಿದರೂ, ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟರೂ ನಮ್ಮೂರಿಗೆ ಅದು ಫಿಯೆಟ್ಟೇ. ಮನೆಗೊಬ್ಬರಂತೆ ಮುಂಬೈ ಹೋಟೆಲು ಸೇರಿದ ಊರು ನಮ್ಮದು. ಅಪ್ಪಯ್ಯನೂ ಹಾಗೆ ಹೋದವರು. ವಾಪಸ್ ಬರುವಾಗ ತಂದದ್ದು ಎರಡು ಟ್ರಂಕು, ಒಂದು ಮಿಕ್ಸಿ ಮತ್ತು ಈ ಸೆಕೆಂಡ್ ಹ್ಯಾಂಡ್ ಫಿಯೆಟ್ಟು.

ಅಪ್ಪಯ್ಯನಿಗೆ ಈಗ ಎಪ್ಪತ್ತೊಂದು. ತಿಂಗಳಿಗೊಮ್ಮೆ ಅಮ್ಮನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರೆದೊಯ್ಯುವುದು ಅವರೇ, ಅದೇ ಕಾರಲ್ಲಿ. ಜೊತೆಗೆ ಚಿಕ್ಕಿ ಕೂಡ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಫೋನಿನಲ್ಲಿ ಅವರ ದನಿ ಸಣ್ಣಗಾಗಿತ್ತು. "ಗಾಡಿ ಬಾಲ ಆಡ್ಸತ್ತ್ ಮಗಾ. ಗಾಡಿದೋ ನನ್ ಕೈದೋ ಗೊತ್ತಾತಿಲ್ಲ."

ಈ ಮಾತು ಹೇಗೋ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಿತ್ತು. ಆಮೇಲೆ ಕೇಳಬೇಕೇ! ವಯಸ್ಸಾಯ್ತು, ಕೀ ತೆಗೆದಿಡಿ, ಡ್ರೈವರ್ ಇಟ್ಟುಕೊಳ್ಳಿ, ಕಾರನ್ನೇ ಮಾರಿ. ಅಪ್ಪಯ್ಯನ ಕಣ್ಣು, ಕೈ, ರಿಫ್ಲೆಕ್ಸು ಎಲ್ಲದರ ಮೇಲೂ ಬೆಂಗಳೂರು, ಪುಣೆ, ದುಬೈಗಳಿಂದ ತೀರ್ಪು ಬಂತು. ಅದಕ್ಕಿಂತ ಮೂರು ತಿಂಗಳ ಹಿಂದೆ ನನ್ನ ತಮ್ಮ ಆ ಕಾರಿನ ಹಿಂಭಾಗವನ್ನು ಎರಡು ಇಂಚು ತಗ್ಗಿಸಿದ್ದ ಅನ್ನುವುದನ್ನು ಮಾತ್ರ ಯಾರೂ ಎತ್ತಲಿಲ್ಲ.

ತಮ್ಮನದೂ ಪೂರ್ತಿ ಹುಚ್ಚಲ್ಲ. ಹಿಂದೆ ಯಾವಾಗಲೋ ತೆಂಗಿನಕಾಯಿ ಮೂಟೆ ಹೊರಲಿ ಅಂತ ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಹೆಚ್ಚು ಹಾಕಿಸಿದ್ದರು. ಅಂದಿನಿಂದ ಗಾಡಿ ಹಿಂಭಾಗ ಎತ್ತಿಕೊಂಡು ಮಿಡತೆಯ ಹಾಗೆ ನಿಲ್ಲುತ್ತಿತ್ತು. ಇವನು ಇನ್‌ಸ್ಟಾಗ್ರಾಮಿನಲ್ಲಿ ಯಾವುದೋ ತಗ್ಗು ಫಿಯೆಟ್ಟಿನ ಫೋಟೋ ನೋಡಿ, ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟ. ಅವರು ಆ ಹೆಚ್ಚುವರಿ ಪ್ಲೇಟಿನ ಜೊತೆ ಮೂಲದ ಇನ್ನೊಂದು ಪ್ಲೇಟನ್ನೂ ತೆಗೆದು, ಸ್ಪ್ರಿಂಗು ಮತ್ತು ಆಕ್ಸಲ್ ನಡುವೆ ಅಲ್ಯೂಮಿನಿಯಂ ಬ್ಲಾಕ್ ಕೂರಿಸಿ ಕಳಿಸಿದರು. ಚಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. "ಆ್ಯಪ್ ಹ್ಯಾಂಗ್ ಆಗ್ತಿದೆ" ಅಂತ ಯಾರಾದರೂ ಅಂದರೆ ನಮ್ಮ ಮೊದಲ ಪ್ರಶ್ನೆ, ಯಾವಾಗ? ಚೌತಿ ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅಪ್ಪಯ್ಯನನ್ನೂ ಅದನ್ನೇ ಕೇಳಿದೆ. ನೇರ ರಸ್ತೆಯಲ್ಲೋ, ತಿರುವಿನಲ್ಲೋ? ಬ್ರೇಕ್ ಹಾಕಿದಾಗಲೋ? ಒಬ್ಬರೇ ಇದ್ದಾಗಲೋ?

ಅಷ್ಟು ದಿನ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲವೋ ಏನೋ. ಎಲೆಗೆ ಸುಣ್ಣ ಸವರುತ್ತಾ ಕರಾರುವಾಕ್ಕಾಗಿ ಹೇಳಿದರು. "ಒಬ್ನೇ ಹ್ವಾಪತಿಗೆ ತಿರ್ಗಾಸಲ್ಲಿ ಎಂತ ಇಲ್ಲ. ನಿನ್ ಅಬ್ಬಿ, ಚಿಕ್ಕಿ ಹಿಂದ್ ಕೂತ್ರೆ ಸುರು." ತಿರುವಿನಲ್ಲಿ ಹೊಂಡ ಸಿಕ್ಕರೆ ಹಿಂಭಾಗ ಒಮ್ಮೆಲೇ ಹೊರಗೆ ಜಾರುತ್ತದೆ. ಅದಲ್ಲದೆ ಮರವಂತೆಯಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕೆ ಇರುವ ಆ ನೇರ ರಸ್ತೆಯಲ್ಲಿ, ಒಬ್ಬರೇ ಇದ್ದರೂ ಗಾಡಿ ಒಂದು ಗೆರೆಯಲ್ಲಿ ಹೋಗುವುದಿಲ್ಲ. ಒಮ್ಮೆ ಬಲಕ್ಕೆ ಹಿಡಿಯಬೇಕು, ಬ್ರೇಕ್ ಹಾಕಿ ಬಿಟ್ಟರೆ ಬೇರೆ ಥರ ಹಿಡಿಯಬೇಕು. ಸ್ಟೇರಿಂಗ್ ಭಾರ. ರಾತ್ರಿ ಎದುರಿನವರೆಲ್ಲ ಲೈಟ್ ಹೊಡೆಯುತ್ತಾರೆ, "ನಾನ್ ನಿಧಾನ ಹ್ವಾತೆ ಅಂದೇಳಿ ಕಾಣತ್ತ್".

ಕೈ ಮುದಿಯಾದರೆ ಅದು ಅಮ್ಮ ಹಿಂದೆ ಕೂತಾಗ ಮಾತ್ರ ಮುದಿಯಾಗುತ್ತದೆಯೇ? ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತ್ತು.

ಟೈರಿನ ಗಾಳಿ, ಮುಂದಿನ ಚಕ್ರಗಳ ಪ್ಲೇ, ಸ್ಟೇರಿಂಗ್ ಬಾಕ್ಸು ನೋಡಿಸಿದೆ, ಸರಿ ಇದ್ದವು. ಕುಂದಾಪುರದಲ್ಲಿ ವೀಲ್ ಅಲೈನ್‌ಮೆಂಟನ್ನು ತಮ್ಮ ಆಗಲೇ ಎರಡು ಸಲ ಮಾಡಿಸಿದ್ದ. ಆದರೆ ಅಲ್ಲಿ ತಿರುಗಿಸುವುದು ಮುಂದಿನ ಚಕ್ರಗಳನ್ನು. ಈ ಕಾರಿನ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ, ಅದಕ್ಕೆ ತಿರುಗಿಸುವ ನಟ್ಟೇ ಇಲ್ಲ. ಸ್ಟೇರಿಂಗ್ ಭಾರಕ್ಕೂ ಹೆಡ್‌ಲೈಟಿಗೂ ಬರೀ ಲೆಕ್ಕ ಸಾಕಾಯಿತು. ಫಿಯೆಟ್ಟಿನ ವೀಲ್‌ಬೇಸ್ 2,340 ಮಿ.ಮೀ. ಹಿಂಭಾಗ ಮಾತ್ರ 50 ಮಿ.ಮೀ. ಇಳಿದರೆ ಇಡೀ ಕಾರು ಸುಮಾರು 1.2 ಡಿಗ್ರಿ ಮೂಗೆತ್ತುತ್ತದೆ. ಮುಂದಿನ ಚಕ್ರ ತಿರುಗುವ ಅಕ್ಷವೂ ಅಷ್ಟೇ ಹಿಂದಕ್ಕೆ ವಾಲುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಹೆಡ್‌ಲೈಟು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅವರೆಲ್ಲ ಬೈದದ್ದು ಅಪ್ಪಯ್ಯನ ಸ್ಪೀಡಿಗಲ್ಲ.

ತಿರುವಿನ ಸಮಸ್ಯೆಗೆ ಅಪ್ಪಯ್ಯನ ಎಲೆಪೆಟ್ಟಿಗೆಯ ಸುಣ್ಣವೇ ಉಪಕಾರಕ್ಕೆ ಬಂತು. ಆಕ್ಸಲ್ ಮೇಲೆದ್ದು ಕಾರಿನ ತಳಕ್ಕೆ ಬಡಿಯದ ಹಾಗೆ ಎರಡೂ ಬದಿ ಒಂದೊಂದು ರಬ್ಬರ್ ಸ್ಟಾಪರ್ ಇರುತ್ತದಲ್ಲ, ಅದರ ತುದಿಗೆ ಸುಣ್ಣ ಹಚ್ಚಿದೆ. ಅಪ್ಪಯ್ಯ ಒಬ್ಬರೇ ತಲ್ಲೂರಿನವರೆಗೆ ಹೋಗಿ ಬಂದರು. ಆಕ್ಸಲ್ ಕ್ಲೀನ್. ಆಮೇಲೆ ಅಮ್ಮ, ಚಿಕ್ಕಿಯನ್ನು ಹಿಂದೆ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ ಬಂದರು. (ಚಿಕ್ಕಿಗೆ ಇದು ಪರೀಕ್ಷೆ ಅಂತ ಹೇಳಿರಲಿಲ್ಲ, ದಾರಿಯಲ್ಲಿ ಮೀನು ತೆಗೆದುಕೊಳ್ಳೋಣ ಅಂತ ಹೇಳಿದ್ದು.) ಜಾಕ್ ಏರಿಸಿ ಟಾರ್ಚ್ ಬಿಟ್ಟರೆ ಆಕ್ಸಲಿನ ಎರಡೂ ಕಡೆ ಬೆಳ್ಳಗೆ ಸುಣ್ಣದ ಮುದ್ರೆ.

ಏನಾಗುತ್ತಿತ್ತು ಅಂದರೆ, ಪ್ಲೇಟ್ ಕಡಿಮೆಯಾಗಿ ಸ್ಪ್ರಿಂಗು ಮೆತ್ತಗಾಗಿತ್ತು. ಬ್ಲಾಕ್ ಹಾಕಿ ಆಕ್ಸಲಿಗೂ ಸ್ಟಾಪರಿಗೂ ಇರುವ ಜಾಗ ಕಡಿಮೆಯಾಗಿತ್ತು. ಇಬ್ಬರು ಹಿಂದೆ ಕೂತರೆ ಉಳಿದದ್ದು ಬೆರಳ ದಪ್ಪ ಜಾಗ. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಆಕ್ಸಲ್ ತುದಿ ಸ್ಟಾಪರಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದ ಅಲ್ಲಿ ಸ್ಪ್ರಿಂಗೇ ಇಲ್ಲ, ಕಾರಿನ ಹಿಂಭಾಗ ಕಲ್ಲಿನ ಮೇಲೆ ಕೂತ ಹಾಗೆ. ಹೊರಗಿನ ಟೈರಿನ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ, ಒಳಗಿನದು ಹಗುರಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪಿ ಬಾಲ ಹೊರಗೆ. ಅಷ್ಟು ದಿನ ಅಪ್ಪಯ್ಯ ಅದನ್ನು ಹಿಡಿದು ವಾಪಸ್ ತರುತ್ತಿದ್ದರು. ಗ್ರೂಪಿನಲ್ಲಿ ತೀರ್ಪು ಕೊಟ್ಟವರಲ್ಲಿ ಎಷ್ಟು ಜನಕ್ಕೆ ಅದು ಬರುತ್ತಿತ್ತೋ.

ಇದು ಗೊತ್ತಾದರೂ ಮರವಂತೆಯ ಅಲೆದಾಟಕ್ಕೆ ಉತ್ತರ ಸಿಕ್ಕಿರಲಿಲ್ಲ. ಮನೆ ಕೆಲಸಕ್ಕೆ ಬಂದಿದ್ದ ಗಾರೆಯವರ ತೂಕದ ಗುಂಡು ಅಂಗಳದಲ್ಲಿತ್ತು. ಕಾರನ್ನು ಸಿಮೆಂಟು ನೆಲದ ಮೇಲೆ ನೇರ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ದಾರ ಇಳಿಬಿಟ್ಟು, ನೆಲದ ಮೇಲೆ ಗುರುತು ಮಾಡಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಟೇಪ್ ಹಿಡಿದೆವು. ಎರಡೂ ಬದಿ ಒಂದೇ ಇರಬೇಕು. ಎಡಗಡೆ 9 ಮಿ.ಮೀ. ಕಡಿಮೆ ಇತ್ತು. ಅಂದರೆ ಎಡ ಹಿಂದಿನ ಚಕ್ರ ಮುಂದೆ ಸರಿದು, ಇಡೀ ಆಕ್ಸಲ್ ಓರೆಯಾಗಿ, ಕಾರು ಏಡಿಯ ಹಾಗೆ ಸೊಟ್ಟ ಓಡುತ್ತಿತ್ತು. ನೇರ ಹೋಗಲು ಸ್ಟೇರಿಂಗನ್ನು ಬಲಕ್ಕೆ ಹಿಡಿಯಲೇಬೇಕು. ಅಪ್ಪಯ್ಯ ಹೇಳಿದ್ದೂ ಅದನ್ನೇ.

ಮರುದಿನ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಗಟ್ಟಿ ಬ್ರೇಕ್ ಹಾಕಿ ಬಂದು ಮತ್ತೆ ಅಳೆದೆವು. ಈಗ 5 ಮಿ.ಮೀ.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಆಕ್ಸಲ್ ಓರೆಯಾಗಿ ಕೂತಿರುವುದು ಒಂದು, ಓಡಾಡುತ್ತಿರುವುದು ಇನ್ನೊಂದು. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ, ಬ್ರೇಕ್ ಒತ್ತಿದರೆ ಹಿಂದಕ್ಕೆ. ತಲ್ಲೂರಿನ ಮೆಕ್ಯಾನಿಕ್ ಅಣ್ಣ ಬಂದು ಯು-ಬೋಲ್ಟ್ ಬಿಚ್ಚಿದರು. ಸ್ಪ್ರಿಂಗಿನ ಪ್ಲೇಟುಗಳನ್ನು ಸೇರಿಸುವ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಗುಳಿಯಲ್ಲಿ ಕೂತರೇ ಆಕ್ಸಲ್ ಅಲುಗದೆ ನಿಲ್ಲುವುದು. ಬ್ಲಾಕ್ ಹಾಕಿದರೆ ಬ್ಲಾಕಿನ ಒಂದು ಮುಖದಲ್ಲಿ ಗುಳಿ, ಇನ್ನೊಂದು ಮುಖದಲ್ಲಿ ಗೂಟ ಇರಬೇಕು. ಎಡಗಡೆಯ ಬ್ಲಾಕಿನ ಗೂಟವನ್ನು ಸೈಜು ಕೂರಲಿಲ್ಲ ಅಂತ ಗ್ರೈಂಡರ್ ಹಿಡಿದು ಸವೆಸಿಬಿಟ್ಟಿದ್ದರು! ಅಮ್ಮ ಕೂತ ಸೀಟಿನ ಕೆಳಗಿನ ಆಕ್ಸಲನ್ನು ಹಿಡಿದಿದ್ದದ್ದು ಎರಡು ಯು-ಬೋಲ್ಟಿನ ಬಿಗಿ ಮಾತ್ರ, ಅವೂ ಹಳೆಯವೇ.

ಮೆಕ್ಯಾನಿಕ್ ಅಣ್ಣ ಆ ಬ್ಲಾಕನ್ನು ಕೈಯಲ್ಲಿ ತಿರುಗಿಸಿ ನೋಡಿ ತಮ್ಮನಿಗೆ ಕೊಟ್ಟರು. ಏನೂ ಹೇಳಲಿಲ್ಲ. ತಮ್ಮನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಕ್ಕ, ಫೋಟೋದಲ್ಲಿರೋ ಗಾಡಿಗಳೆಲ್ಲ ಹೀಗೇ ತಗ್ಗು ಇದಾವಲ್ಲ" ಅಂದ. ಇದಾವೆ. ಸರಿಯಾಗಿ ತಗ್ಗಿಸುವವರು ಸ್ಪ್ರಿಂಗನ್ನು ಗಿಡ್ಡ ಮಾಡಿದಷ್ಟೇ ಗಟ್ಟಿಯೂ ಮಾಡುತ್ತಾರೆ, ಸ್ಟಾಪರ್, ಶಾಕ್ ಅಬ್ಸಾರ್ಬರ್ ಎಲ್ಲ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ತಗ್ಗಿಸುವುದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಜಾಗವನ್ನೂ ಕಡಿಮೆ ಮಾಡಿ ಸ್ಪ್ರಿಂಗನ್ನೂ ಮೆತ್ತಗೆ ಮಾಡುವುದು ಯಾವ ಲೆಕ್ಕ?

ಬ್ಲಾಕ್ ತೆಗೆಸಿದೆವು. ಮೂಲದ ಪ್ಲೇಟ್ ವಾಪಸ್ ಬಂತು, ತೆಂಗಿನಕಾಯಿಯ ಕಾಲದ ಹೆಚ್ಚುವರಿ ಪ್ಲೇಟ್ ಬರಲಿಲ್ಲ. ಆ ಮಟ್ಟಿಗೆ ತಮ್ಮನ ಮಾತೂ ನಡೆಯಿತು, ಈಗ ಗಾಡಿ ಮಿಡತೆಯ ಹಾಗೆ ನಿಲ್ಲುವುದಿಲ್ಲ. ಬಡಿತ ತಿಂದು ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಿಸಿ, ಹೊಸ ಯು-ಬೋಲ್ಟ್ ಹಾಕಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿಸಿದ್ದಾಯಿತು. ದಾರ ಇಳಿಬಿಟ್ಟು ಅಳೆದರೆ ಎರಡೂ ಬದಿ ಒಂದೇ. ಇರಲಿ ಅಂತ ಅಪ್ಪಯ್ಯನ ಕಣ್ಣನ್ನೂ ಪರೀಕ್ಷೆ ಮಾಡಿಸಿದೆವು. ಕನ್ನಡಕದ ನಂಬರ್ ಕಾಲು ಪಾಯಿಂಟ್ ಬದಲಾಯಿತು, ಅಷ್ಟೇ.

ರಜೆಯ ಕೊನೆಯ ದಿನ ಮರವಂತೆಗೆ ಹೋದೆವು. ಅಮ್ಮ, ಚಿಕ್ಕಿ ಹಿಂದೆ, ನಾನು ಮುಂದೆ. ಕಡಲಿನ ಕಡೆಯಿಂದ ಗಾಳಿ ಜೋರಿತ್ತು, ಮೀನಿನ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅಪ್ಪಯ್ಯ ಎರಡೂ ಕೈಯಲ್ಲಿ ಗಟ್ಟಿ ಹಿಡಿದೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಒಂದು ಕೈ ತೆಗೆದು ಕಿಟಕಿಯ ಮೇಲಿಟ್ಟರು. "ಈಗ ಸಮ ಇತ್ತ್" ಅಂದರು. ಮತ್ತೆ ಮೀನಿನ ರೇಟಿನ ಮಾತು.

ಗ್ರೂಪಿಗೆ 9 ಮಿ.ಮೀ.ನ ವಿಷಯ ಫೋಟೋ ಸಮೇತ ಹಾಕಿದೆ. ಇಬ್ಬರು ಹೆಬ್ಬೆರಳು ಎತ್ತಿದರು. ಪುಣೆಯ ಮಾವ ಮಾತ್ರ ಏನೇ ಆದರೂ ಈ ವಯಸ್ಸಿಗೆ ಆಟೋಮ್ಯಾಟಿಕ್ ಕಾರೇ ಒಳ್ಳೆಯದು ಅಂದರು. ಚರ್ಚೆ ಇನ್ನೂ ನಡೆಯುತ್ತಿದೆ. ಬ್ಲಾಕ್ ಎರಡನ್ನೂ ತಮ್ಮ ಅಟ್ಟಕ್ಕೆ ಹಾಕಿದ್ದ. ಗೂಟ ಸವೆಸಿದ್ದನ್ನು ಅಮ್ಮ ಕೆಳಗಿಳಿಸಿಕೊಂಡು, ಗಾಳಿಗೆ ಬಡಿಯದ ಹಾಗೆ ಹಿತ್ತಿಲ ಬಾಗಿಲಿಗೆ ಅಡ್ಡ ಇಟ್ಟಿದ್ದಾಳೆ.